ಹೆಪ್ಪಿಗೆ ತಂದ ವಾಕ್ಯ

ನಮ್ಮೂರಿನಲ್ಲಿ ಮಸಿ ಇಲ್ಲ. ಹೊರಗಿನಿಂದ ತಂದರೂ ಊರಬಾಗಿಲು ದಾಟುತ್ತಲೇ ನೀರಾಗುತ್ತದೆ. ಅಂಗಡಿಯವನು ಒಮ್ಮೆ ಹಟ ಹಿಡಿದು ಒಂದು ಪೀಪಾಯಿ ಮಸಿ ತರಿಸಿದ. ಮುಚ್ಚಳ ತೆಗೆದರೆ ತಿಳಿನೀರು. ರುಚಿಯಾಗಿತ್ತು, ಊರವರೆಲ್ಲ ಕುಡಿದರು. ಹಾಗಾಗಿ ನಮ್ಮೂರಿನವರು ಸೀಸದಕಡ್ಡಿಯಲ್ಲಿ ಬರೆಯುತ್ತಾರೆ, ಸೀಸದಕಡ್ಡಿಯಲ್ಲಿ ಮದುವೆಯಾಗುತ್ತಾರೆ, ಸೀಸದಕಡ್ಡಿಯಲ್ಲಿ ಜಗಳವಾಡುತ್ತಾರೆ, ಸಂಜೆಗೆ ಎಲ್ಲವನ್ನೂ ಅಳಿಸಿಕೊಂಡು ಊಟಕ್ಕೆ ಕೂರುತ್ತಾರೆ.

ಮಸಿಯಲ್ಲಿರುವುದು ಪುಸ್ತಕಗಳು ಮಾತ್ರ. ಅವು ಬೇರೆ ಊರಲ್ಲಿ ಅಚ್ಚಾಗಿ, ಒಣಗಿ, ಗಟ್ಟಿಯಾಗಿ ಬರುವುದರಿಂದ ಉಳಿದುಕೊಳ್ಳುತ್ತವೆ.

ಲೇಖಕರು ನಮ್ಮೂರಿಗೆ ಬಂದಾಗ ಪುಸ್ತಕಕ್ಕೆ ಸಹಿ ಹಾಕುವ ಕ್ರಮ ಹುಟ್ಟಿದ್ದು ಹೀಗೆ. ಸಹಿಗೆ ಮಸಿ ಬೇಕು. ಊರಿನಲ್ಲಿ ಮಸಿ ಇಲ್ಲ. ಮಸಿ ಇರುವುದು ಪುಸ್ತಕದಲ್ಲಿ. ಆದ್ದರಿಂದ ಓದುಗರು ತಮ್ಮ ಪುಸ್ತಕದ ಒಂದು ವಾಕ್ಯವನ್ನು ತೋರಿಸಬೇಕು. ಲೇಖಕರು ನಿಬ್ಬನ್ನು ಅದರ ಮೇಲಿಟ್ಟು ಹೀರುತ್ತಾರೆ. ವಾಕ್ಯ ಪೆನ್ನಿಗೆ ಏರುತ್ತದೆ. ಅದೇ ಮಸಿಯಲ್ಲಿ ಮೊದಲ ಪುಟದ ಮೇಲೆ ಹೆಸರು ಬರೆದು, ಸಹಿ ಮಾಡಿ ಕೊಡುತ್ತಾರೆ.

ಹೀರಿದ ವಾಕ್ಯ ಆ ಪುಸ್ತಕದಲ್ಲಿ ಇರುವುದಿಲ್ಲ. ಆ ಮನೆಯವರ ಬಾಯಲ್ಲೂ ಇರುವುದಿಲ್ಲ, ಬರೆಯುವ ಕೈಗೂ ಬರುವುದಿಲ್ಲ. ಬೇರೆ ಮನೆಯವರು ಹೇಳಿದರೆ ಕಿವಿಗೆ ಕೇಳಿಸುತ್ತದೆ, ಅದಕ್ಕೆ ಅಡ್ಡಿಯಿಲ್ಲ. ತಾವಾಗಿ ಹೇಳಲು ಹೋದರೆ ಬಾಯಿಂದ ಬರೀ ಗಾಳಿ.

ಮನೆಗೆಲ್ಲ ತಟ್ಟುವ ನಷ್ಟವಾದ್ದರಿಂದ ಮನೆಯವರೆಲ್ಲ ಬರಬೇಕು. ಎಲ್ಲರೂ ಒಂದೇ ವಾಕ್ಯದ ಮೇಲೆ ಬೆರಳಿಡಬೇಕು. ಒಮ್ಮೆ ಒಂದು ಮನೆಯವರು ಕಾಲುನೋವೆಂದು ಅಜ್ಜಿಯನ್ನು ಬಿಟ್ಟುಬಂದರು. ವಾಕ್ಯ ಅರ್ಧ ಮಾತ್ರ ಪೆನ್ನಿಗೆ ಏರಿತು. ಉಳಿದರ್ಧ ಅಜ್ಜಿಯ ಬಾಯಲ್ಲೇ ಇದ್ದುಬಿಟ್ಟಿತು. ಆಕೆ ಇವತ್ತಿಗೂ ಬಾಗಿಲಲ್ಲಿ ಕೂತು "ಆದರೆ ಆ ರಾಜಕುಮಾರಿಯ ಮೂಗು" ಎಂದು ಹೇಳಿ ನಿಲ್ಲಿಸುತ್ತಾಳೆ. ಮೂಗಿಗೆ ಏನಾಯಿತೆಂದು ತಿಳಿಯದೆ ಆ ಮನೆಯ ಮೊಮ್ಮಕ್ಕಳು ಸೊರಗಿದ್ದಾರೆ.

ಯಾವ ಮನೆ ಯಾವ ವಾಕ್ಯ ಕೊಟ್ಟಿತು ಎಂಬುದನ್ನು ದಾಖಲಿಸಿ ಇಡುವವಳು ನಾನು. ಊರಿನಲ್ಲಿ ಕಾಲೇಜಿಗೆ ಹೋಗಿ ಬಿ.ಎ. ಮಾಡಿದ ಹೆಂಗಸು ನಾನೊಬ್ಬಳೇ ಆದ್ದರಿಂದ ಈ ಕೆಲಸ ನನಗೆ ಬಂದಿದೆ. ಯಾರೂ ಒಪ್ಪಿಸಲಿಲ್ಲ. ನಾನೇ ವಹಿಸಿಕೊಂಡೆ.

ನಿವೃತ್ತ ಹೆಡ್‌ಮಾಸ್ತರರ ಮನೆಯವರು ಖಳನಾಯಕ ಸಾಯುವ ವಾಕ್ಯವನ್ನು ಕೊಟ್ಟರು. ಮಕ್ಕಳು ಹೆದರುತ್ತಾರೆ, ಹೋಗಲಿ ಎಂದುಕೊಂಡರು. ಈಗ ಅವರ ಪುಸ್ತಕದಲ್ಲಿ ಖಳನಾಯಕ ಸಾಯುವುದೇ ಇಲ್ಲ. ಪುಸ್ತಕ ಮುಗಿದರೂ ಅವನು ಮುಗಿಯದೆ, ಹೊರಗೆ ಬಂದು ಅವರ ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿರುತ್ತಾನೆ. ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾನೆ. ಒಳ್ಳೆಯ ಮನುಷ್ಯ ಎನ್ನುತ್ತಾರೆ.

ಪಕ್ಕದ ಮನೆಯಾಕೆ ಕೊಟ್ಟದ್ದು "ಅವನು ಬಾಗಿಲು ತೆಗೆದು ಒಳಗೆ ಬಂದನು" ಎಂಬ ವಾಕ್ಯ. ಚಿಕ್ಕದು, ಯಾರಿಗೂ ಬೇಡದ್ದು, ಕೊಟ್ಟರೆ ಏನು ಹೋಗುತ್ತದೆ ಎಂದು ಅವಳ ಜಾಣತನ. ಅವಳ ಪುಸ್ತಕದಲ್ಲಿ ನಾಯಕ ಕೊನೆಯ ಪುಟದವರೆಗೂ ಹೊಸ್ತಿಲ ಆಚೆಯೇ ನಿಂತಿದ್ದಾನೆ. ಮದುವೆಯೂ ಕಿಟಕಿಯ ಮೂಲಕ ಆಯಿತಂತೆ. ಆಕೆ ದಿನವೂ ಅವನಿಗಾಗಿ ಬಾಗಿಲ ಹೊರಗೆ ಒಂದು ಚೊಂಬು ನೀರಿಡುತ್ತಾಳೆ. ಹಾಗಿದ್ದರೂ ಅವಳ ಪುಸ್ತಕದಲ್ಲಿ ಸಹಿ ಇದೆ. ನನ್ನ ಪುಸ್ತಕದಲ್ಲಿ ಇರಲಿಲ್ಲ.

ಊರಿನ ಮನೆಮನೆಯಲ್ಲೂ ಇರುವುದು ಒಂದೇ ಪುಸ್ತಕದ ಪ್ರತಿಗಳು; ಅದನ್ನು ಬರೆದ ಲೇಖಕರು ತಲೆಮಾರಿಗೊಮ್ಮೆ ಬರುವವರು. ಹೋದ ಸಲ ಅವರು ಬಂದಾಗ ನಾನು ಬಾಣಂತಿ ಕೋಣೆಯಲ್ಲಿದ್ದೆ. ಮನೆಯವರೆಲ್ಲ ಬಾರದೆ ಸಹಿ ಇಲ್ಲ. ಇದನ್ನು ನನ್ನ ಮಗನಿಗೆ ಅವನ ಪ್ರತಿ ಹುಟ್ಟುಹಬ್ಬದಂದು ನೆನಪಿಸುತ್ತ ಬಂದಿದ್ದೇನೆ. ಈ ಸಲ ತಪ್ಪಿದರೆ ಇನ್ನೊಂದು ಸಲ ಅನ್ನುವುದು ನನಗೂ ಇಲ್ಲ, ಲೇಖಕರಿಗೂ ಇಲ್ಲ. ಇಬ್ಬರಿಗೂ ವಯಸ್ಸಾಗಿತ್ತು.

ನನ್ನದೊಂದು ವಾಕ್ಯವಿತ್ತು. ಕಾಲೇಜಿನ ದಿನಗಳಲ್ಲಿ ಅದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ, ಎದ್ದು ನಿಂತು, ಮತ್ತೆ ಕೂತೆ. ಆ ವಾಕ್ಯವನ್ನು ಇಲ್ಲಿ ಬರೆಯಲಾರೆ. ಏಕೆಂದು ಮುಂದೆ ತಿಳಿಯುತ್ತದೆ. ಅದು ಬರಬೇಕಾದಲ್ಲಿ ಗೆರೆ ಎಳೆಯುತ್ತೇನೆ. ತಾತ್ಪರ್ಯ ಹೇಳಲು ಅಡ್ಡಿಯಿಲ್ಲ. ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ ಎಂಬ ಪ್ರಶ್ನೆಗೆ ನಾನು ಎಂದೂ ಅಂಕ ಕಳೆದುಕೊಂಡವಳಲ್ಲ. ಬೆಂದ ಅನ್ನ, ಹಸಿದ ಬಾಯಿ, ಅವಸರ ಎಂಬ ಮೂರು ಸಂಗತಿಗಳು ಅದರಲ್ಲಿವೆ. ಯಾವುದಕ್ಕೂ ಆತುರ ಬೇಡ ಎಂಬುದು ಅದರ ಸಾರ. ಬದುಕೇ ಅದರಲ್ಲಿದೆ ಎಂಬುದು ಸ್ವಾರಸ್ಯ.

ಬೇರೆ ಮನೆಗಳಲ್ಲಿ ಊಟಕ್ಕೆ ಮೊದಲು ದೇವರ ಹೆಸರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಎಲೆಗೆ ಬಡಿಸಿದ ಮೇಲೆ, ಕೈಯಿಡುವ ಮುಂಚೆ, ನಾನು ಆ ವಾಕ್ಯವನ್ನು ಹೇಳುತ್ತಿದ್ದೆ. ಹೇಳಿದ ಮೇಲೆ ಎಲ್ಲರ ಕೈಗಳೂ ಅನ್ನಕ್ಕೆ ಇಳಿಯುತ್ತಿದ್ದವು. ಊಟದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲೂ ಹೇಳುತ್ತಿದ್ದೆ. ಮಗ ಬೇರೆ ಕೆಲಸ ಹುಡುಕುತ್ತೇನೆಂದಾಗ ಹೇಳಿದೆ. ಸೊಸೆ ಹೆರಿಗೆ ನೋವಿನಲ್ಲಿ ಕೂಗುತ್ತಿದ್ದಾಗ ಬಾಗಿಲ ಹೊರಗೆ ನಿಂತು ಹೇಳಿದೆ. ಮೊಮ್ಮಗಳ ಹಲ್ಲು ಅಲ್ಲಾಡುತ್ತಿದ್ದಾಗಲೂ ಹೇಳಿದೆ. ಹಿತ್ತಲಿನ ಬೇಲಿಗೆ ಬೆಂಕಿ ಹತ್ತಿದಾಗಲೂ ಹೇಳಿದೆನಂತೆ. ನನಗೆ ನೆನಪಿಲ್ಲ, ಸೊಸೆ ಹೇಳುತ್ತಾಳೆ.

ಲೇಖಕರು ಬರುವ ದಿನ ಬಂತು. ಊರಿನ ನಡುವೆ ಚಪ್ಪರ, ಚಪ್ಪರದ ಕೆಳಗೆ ಒಂದು ಕುರ್ಚಿ, ಕುರ್ಚಿಯ ಮೇಲೆ ಲೇಖಕರು. ಅವರ ಮುಂದೆ ಮೇಜು. ಮೇಜಿನಿಂದ ಹೊರಟ ಸಾಲು ಚಪ್ಪರ ದಾಟಿ, ಬಾವಿ ದಾಟಿ, ಊರನ್ನು ಒಂದು ಸುತ್ತು ಹಾಕಿ, ಲೇಖಕರ ಕುರ್ಚಿಯ ಬೆನ್ನಿಗೇ ಬಂದು ನಿಂತಿತ್ತು. ಕೊನೆಯಲ್ಲಿ ನಿಂತವರಿಗೆ ಲೇಖಕರ ಬೆನ್ನು ಕೈಗೆಟುಕುತ್ತಿತ್ತು, ಮುಖಕ್ಕೆ ಮಾತ್ರ ಒಂದು ಊರು ಸುತ್ತಬೇಕಾಗಿತ್ತು. ನಾವು ನಿಂತದ್ದು ಅಲ್ಲೇ. ಬೆಳಗ್ಗೆ ಎಲ್ಲರ ಬಟ್ಟೆಗೂ ನಾನೇ ಇಸ್ತ್ರಿ ಮಾಡುತ್ತಿದ್ದೆನಾದ್ದರಿಂದ ತಡವಾಗಿತ್ತು.

ಸಾಲು ಕಾಯುವವನು ಮೇಜಿನ ಪಕ್ಕದಲ್ಲಿ ನಿಂತು ಕೂಗುತ್ತಿದ್ದ: "ಬೆರಳಿಡಿ, ವಾಕ್ಯ ಕೊಡಿ, ಸಹಿ ತಗೊಳ್ಳಿ, ದಾರಿ ಬಿಡಿ! ಬೆರಳಿಡಿ, ವಾಕ್ಯ ಕೊಡಿ, ಸಹಿ ತಗೊಳ್ಳಿ, ದಾರಿ ಬಿಡಿ!"

ನಾವು ಐವರು. ನಾನು, ನಮ್ಮ ಯಜಮಾನರು, ಮಗ, ಸೊಸೆ, ಮೊಮ್ಮಗಳು. ಐದು ಬೆರಳು ಸೇರಿದರೆ ಒಂದು ಕೈ ಎಂದು ನಾನು ಎಲ್ಲರಿಗೂ ಹೇಳಿದ್ದೆ. ಯಾವ ವಾಕ್ಯ ಕೊಡಬೇಕೆಂಬುದನ್ನೂ ನಾನೇ ಆರಿಸಿಟ್ಟಿದ್ದೆ. ಪುಸ್ತಕದ ಮಧ್ಯದಲ್ಲಿ ಒಂದು ಗುಡ್ಡದ ವರ್ಣನೆ ಬರುತ್ತದೆ. ಒಂದು ಪುಟದುದ್ದಕ್ಕೂ ಒಂದೇ ವಾಕ್ಯ. ಅಲ್ಲಿಗೆ ಬಂದಾಗ ನಾನೂ ಆಕಳಿಸಿದ್ದೇನೆ. ಅದರ ಮಸಿ ಹೇರಳ. ನನ್ನ ಹೆಸರಿಗೆ, ಬಿ.ಎ. ಎಂಬುದಕ್ಕೆ, ಪ್ರಥಮ ದರ್ಜೆ ಎಂಬುದಕ್ಕೆ ಧಾರಾಳವಾಗಿ ಸಾಲುತ್ತದೆ. ಮನೆಯವರ ಒಪ್ಪಿಗೆ ಕೇಳುವ ಅಗತ್ಯ ಕಾಣಲಿಲ್ಲ.

ಬಾವಿಯ ಹತ್ತಿರ ಬಂದಾಗ ಮಗ ಕೆಮ್ಮಿದ.

"ಅಮ್ಮಾ, ಗುಡ್ಡ ಕೊಡೋದು ಬೇಡ."

"ಯಾಕೋ?"

"ಮುಂದಿನ ಪುಟದಲ್ಲಿ ಕುದುರೆ ಬರುತ್ತಲ್ಲ, ಅದು ಆ ಗುಡ್ಡದ ಮೇಲೆ ನಿಲ್ಲುತ್ತೆ. ಗುಡ್ಡ ಹೋದರೆ ಕುದುರೆ ಎಲ್ಲಿ ನಿಲ್ಲಬೇಕು? ಗಾಳಿಯಲ್ಲಾ?"

"ಬಯಲಲ್ಲಿ ನಿಲ್ಲಲಿ."

"ಬಯಲಲ್ಲಿ ನಿಂತ ಕುದುರೆ ಯಾರಿಗಮ್ಮ ಬೇಕು? ಚಿಕ್ಕಂದಿನಿಂದ ನಾನು ಅದನ್ನ ಗುಡ್ಡದ ಮೇಲೆ ನೋಡಿದವನು."

ಮೊಮ್ಮಗಳು ಅಳು ಶುರುಮಾಡಿದಳು. ಆ ಕುದುರೆ ಸೀನುತ್ತದೆ. "ಕುದುರೆ ಸೀನಿತು" ಎಂಬ ವಾಕ್ಯವೊಂದೇ ಅವಳಿಗೆ ಇಡೀ ಪುಸ್ತಕ. ಗುಡ್ಡದ ಮೇಲಿನ ತಂಗಾಳಿಗೇ ಅಲ್ಲವೇ ಅದು ಸೀನುವುದು ಎಂದು ಅವಳ ವಾದ. ವಾದದಲ್ಲಿ ಹುಳುಕಿರಲಿಲ್ಲ. ನನ್ನನ್ನೇ ಹೋಲುತ್ತಾಳೆ.

"ಸರಿ," ಎಂದೆ. "ಗುಡ್ಡ ಇರಲಿ. ಇಲ್ಲೊಂದು ಇದೆ. 'ಆಕೆ ಅತ್ತೆಗೆ ಉತ್ತರ ಕೊಡದೆ, ಪಾತ್ರೆಯನ್ನು ತುಸು ಜೋರಾಗಿ ನೆಲಕ್ಕಿಟ್ಟಳು.' ಇಂಥ ವಾಕ್ಯ ಇದ್ದರೆಷ್ಟು, ಬಿಟ್ಟರೆಷ್ಟು?"

ಸೊಸೆ ಪುಸ್ತಕಕ್ಕೆ ಅಡ್ಡವಾಗಿ ಕೈಯಿಟ್ಟಳು. "ಅತ್ತೆ, ಅದನ್ನ ಮುಟ್ಟಬೇಡಿ."

"ಅದರಲ್ಲಿ ಏನಿದೆಯಮ್ಮ ಅಂಥಾದ್ದು?"

"ಪಾತ್ರೆ ಇದೆ," ಎಂದಳು ಸೊಸೆ.

ಇನ್ನು ಯಜಮಾನರು. ಅವರು ಇಡೀ ಜನ್ಮದಲ್ಲಿ ಆ ಪುಸ್ತಕದಿಂದ ಓದಿದ್ದು ಒಂದೇ ವಾಕ್ಯ: "ಅಂದಿನ ಎಣ್ಣೆಗಾಯಿ ಬಹಳ ಚೆನ್ನಾಗಿತ್ತು." ಮದುವೆಯಾದ ಹೊಸತರಲ್ಲಿ ನಾನು ಪುಸ್ತಕ ಕೈಗಿತ್ತು ಓದಿ ಎಂದಾಗ ಎಲ್ಲಿಯೋ ತೆರೆದರು, ಇದು ಕಂಡಿತು, ತೃಪ್ತರಾದರು. ಅಂದಿನಿಂದ ಊಟವಾದ ಮೇಲೆ ದಿನವೂ ಕನ್ನಡಕ ಹಾಕಿಕೊಂಡು ಅದೊಂದನ್ನು ಓದುತ್ತಾರೆ, ತಲೆಯಾಡಿಸುತ್ತಾರೆ, ಪುಸ್ತಕವನ್ನು ಮುಖದ ಮೇಲಿಟ್ಟುಕೊಂಡು ಮಲಗುತ್ತಾರೆ. "ಎಂಥಾ ಸಾಹಿತ್ಯ!" ಎನ್ನುತ್ತಾರೆ. ಆ ವಾಕ್ಯ ಕೊಡಿ ಎಂದು ಕೇಳುವುದಕ್ಕೆ ನನಗೇ ಮನಸ್ಸಾಗಲಿಲ್ಲ.

ಸಾಲು ಸರಿಯುತ್ತಿತ್ತು. ಒಂದೊಂದು ಹೆಜ್ಜೆಗೂ ನಾನು ಒಂದೊಂದು ವಾಕ್ಯ ತೋರಿಸಿದೆ. ಒಂದೊಂದು ವಾಕ್ಯಕ್ಕೂ ಯಾರಾದರೊಬ್ಬರು ಅಡ್ಡ ಬಂದರು. ನದಿ ಕೊಟ್ಟರೆ ದೋಣಿ ಏನಾಗಬೇಕು ಎಂದ ಮಗ. ಸೋದರತ್ತೆಯನ್ನು ಕೊಟ್ಟರೆ ಮದುವೆಯಲ್ಲಿ ಅಳುವವರಾರು ಎಂದಳು ಸೊಸೆ. ಓದಿಲ್ಲ ಓದಿಲ್ಲ ಎನ್ನುತ್ತಿದ್ದ ಇವರೆಲ್ಲ ಯಾವಾಗ ಓದಿದರು? ನನಗೆ ಗೊತ್ತಾಗದಂತೆ ನನ್ನ ಪುಸ್ತಕದಲ್ಲಿ ಎಲ್ಲರೂ ಒಂದೊಂದು ಮೂಲೆ ಹಿಡಿದು ಕೂತಿದ್ದರು.

ಮೇಜು ಕಾಣುವಷ್ಟು ಹತ್ತಿರವಾದಾಗ ಮೊಮ್ಮಗಳು ಮೂಗು ಒರೆಸಿಕೊಂಡು ಹೇಳಿದಳು: "ಅಜ್ಜಿ ದಿನಾ ಹೇಳ್ತಾಳಲ್ಲ, ಅದನ್ನ ಕೊಡೋಣ."

ಮಗ ಆಕಾಶ ನೋಡಿದ. ಸೊಸೆ ಮಗಳ ಜಡೆ ಸರಿಮಾಡಿದಳು. ಜಡೆ ಸರಿಯಾಗಿಯೇ ಇತ್ತು.

"ಮಗು ಹೇಳಿದ್ದರಲ್ಲಿ ತಪ್ಪೇನಿಲ್ಲ," ಎಂದ ಮಗ, ಇನ್ನೂ ಆಕಾಶ ನೋಡುತ್ತ. "ಅದನ್ನ ತೆಗೆದರೆ ಕುದುರೆಗೆ ಏನೂ ಆಗಲ್ಲ."

"ಉದ್ದವೂ ಇದೆ ಅತ್ತೆ," ಎಂದಳು ಸೊಸೆ. "ನಿಮ್ಮ ಬಿ.ಎ.ಗೆ ಸಾಲುತ್ತೆ."

ಮೂವರ ಬೆರಳುಗಳೂ ಪುಟ ಹುಡುಕಿ, ಆ ಸಾಲಿನ ಮೇಲೆ ಬಂದು ಕೂತವು. ಎಷ್ಟು ಬೇಗ ಹುಡುಕಿದರು! ಯಜಮಾನರು ನನ್ನ ಮುಖ ನೋಡಿದರು. ಬೆರಳೆತ್ತಿದರು, ಇಳಿಸಿದರು, ಕಿವಿ ಕೆರೆದುಕೊಂಡರು.

ನಾನು ಅವರಿಗೆಲ್ಲ ಒಂದೇ ಉತ್ತರ ಕೊಟ್ಟೆ: "________."

"ನೋಡಿದಿರಾ?" ಎಂದಳು ಸೊಸೆ, ಯಾರಿಗೆಂದು ಇಲ್ಲದೆ.

"ಬೆರಳಿಡಿ, ವಾಕ್ಯ ಕೊಡಿ!" ಎಂದ ಸಾಲು ಕಾಯುವವನು. ನಮ್ಮ ಸರದಿ ಬಂದಿತ್ತು.

ಲೇಖಕರು ಎದುರಿಗಿದ್ದರು. ಪುಸ್ತಕದ ಹಿಂದಿನ ಚಿತ್ರದಲ್ಲಿದ್ದ ಮುಖ, ಆದರೆ ಯಾರೋ ಹಿಡಿದು ಸ್ವಲ್ಪ ಮುದುರಿಟ್ಟಂತೆ. ಬಲಗೈ ಬೆರಳುಗಳೆಲ್ಲ ಮಸಿ. ಅವರ ಎದುರು ನಿಂತಾಗ ಆಡಬೇಕಾದ ಮಾತನ್ನು ನಾನು ಒಂದು ತಲೆಮಾರು ಸಿದ್ಧಪಡಿಸಿದ್ದೆ. 'ಮಾನ್ಯರೇ' ಎಂದು ಶುರುವಾಗಿ, ಸಾಹಿತ್ಯಕ್ಕೂ ಗೃಹಜೀವನಕ್ಕೂ ಇರುವ ಸಂಬಂಧವನ್ನು ಮುಟ್ಟಿ, 'ಇತಿ ತಮ್ಮ ವಿಶ್ವಾಸಿ' ಎಂದು ಮುಗಿಯುವ ಮಾತು. ಕನ್ನಡಿಯ ಮುಂದೆ ಅಭ್ಯಾಸವೂ ಆಗಿತ್ತು. ನಾನು ಸೆರಗು ಸರಿಮಾಡಿಕೊಂಡೆ, ಗಂಟಲು ಸರಿಮಾಡಿಕೊಂಡೆ, ಬಾಯಿ ತೆರೆದೆ.

"ಊಟ ಆಯ್ತಾ?" ಎಂದೆ.

ಲೇಖಕರು ಪೆನ್ನು ಕೆಳಗಿಟ್ಟರು.

"ಇಲ್ಲ ತಾಯಿ," ಎಂದರು. "ಬೆಳಗಿನಿಂದ ಊರಿಗೂರೇ ಬಂತು. ಕತೆ ಹೇಗೆ ಹೊಳೀತು ಅಂತ ಎಲ್ಲರೂ ಕೇಳಿದರು. ಊಟ ಆಯ್ತಾ ಅಂತ ಕೇಳಿದವರು ನೀವೇ ಮೊದಲು. ಪ್ರಾಣ ಹೋಗ್ತಿದೆ."

ಹಸಿವಿನ ಸುದ್ದಿ ಕಿವಿಗೆ ಬಿದ್ದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಅದು ತಾನಾಗಿ ತೆರೆದುಕೊಂಡು ಹೇಳಿಬಿಟ್ಟಿತು: "________."

ಲೇಖಕರ ಮುಖ ಕೆಂಪಾಯಿತು. "ಇದೇನು ತಾಯಿ! ಹಸಿದವನ ಎದುರು ಹೇಳೋ ಮಾತಾ ಇದು? ಯಾವ ಪುಣ್ಯಾತ್ಮ ಹೇಳಿದ್ದು?"

"ನೀವೇ," ಎಂದರು ನಮ್ಮ ಮನೆಯವರು, ಒಟ್ಟಿಗೆ.

ಸೊಸೆ ಪುಸ್ತಕ ತಿರುಗಿಸಿ ತೋರಿಸಿದಳು. ಲೇಖಕರು ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ನಾನು ಉಸಿರು ಹಿಡಿದು ನಿಂತಿದ್ದೆ. ಬರೆದವರ ಬಾಯಿಂದ ಅದನ್ನು ಒಮ್ಮೆ ಕೇಳಬೇಕೆಂದು ಎಷ್ಟು ವರ್ಷದ ಆಸೆ.

"ಇದನ್ನ ಬರೆಯೋವಾಗ ನನ್ನ ಹೊಟ್ಟೆ ತುಂಬಿದ್ದಿರಬೇಕು," ಎಂದರು ಲೇಖಕರು.

"ನಮ್ಮ ಮನೆಯಲ್ಲಿ ದಿನಾ ಎರಡು ಹೊತ್ತು ಇದೇ ಆಗುತ್ತೆ ಸ್ವಾಮಿ," ಎಂದ ಮಗ. "ನೀವೇ ಹೇಳಿ."

"ಪಾಪ," ಎಂದು ಲೇಖಕರು ತಮ್ಮ ಮಸಿಬೆರಳನ್ನೂ ತಂದು ಆ ವಾಕ್ಯದ ಮೇಲಿಟ್ಟರು. ಕ್ರಮದಲ್ಲಿ ಅದಕ್ಕೆ ಅವಕಾಶವಿಲ್ಲ. ನಾನು ಅಲ್ಲಿಯೇ ಹೇಳಬೇಕೆಂದಿದ್ದೆ, ಆದರೆ ಮನಸ್ಸು ಅಲ್ಲಿರಲಿಲ್ಲ. ಹೆತ್ತವರೇ ಗುರುತು ಹಿಡಿಯದ ಕೂಸನ್ನು ಎತ್ತಿಕೊಂಡು ಊರೆಲ್ಲ ತಿರುಗಿದಂತಾಗಿತ್ತು ನನಗೆ.

ಆಗ ಯಜಮಾನರು ಮುಂದೆ ಬಂದರು.

"ಸ್ವಾಮಿ, ಅದು ಬೇಡ. ಅದಿಲ್ಲದಿದ್ದರೆ ಇವಳು ಏನು ಹೇಳಿಯಾಳು? ನನ್ನ ಎಣ್ಣೆಗಾಯಿ ತಗೊಳ್ಳಿ."

"ರೀ!" ಎಂದೆ.

ಅವರು ಪುಟ ತಿರುಗಿಸಿದರು. ಪುಸ್ತಕ ಅಲ್ಲಿಗೆ ತಾನಾಗಿ ತೆರೆದುಕೊಂಡಿತು. ಅಷ್ಟು ವರ್ಷ ಅವರ ಮೂಗಿನ ಮೇಲೆ ಕವುಚಿ ಮಲಗಿದ ಪುಟ ಅದು. ಎಣ್ಣೆಗಾಯಿಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿಕೊಂಡರು, ಇಂಜೆಕ್ಷನ್ನಿಗೆ ತೋಳು ಕೊಟ್ಟವರಂತೆ.

ಸಾಲು ಕಾಯುವವನು ಬಗ್ಗಿ ನೋಡಿದ. "ಯಜಮಾನರೇ, ಇದು ಸಾಲಲ್ಲ. ನಾಲ್ಕೇ ಪದ. ಅಮ್ಮನವರ ಹೆಸರಿನಲ್ಲಿ ಅರ್ಧ ಬರೆಯೋ ಹೊತ್ತಿಗೆ ಮಸಿ ಮುಗಿಯುತ್ತೆ. ಬಿ.ಎ. ಅಂತೂ ಬರೋದೇ ಇಲ್ಲ."

"ಅರ್ಧ ಬರೀರಿ," ಎಂದರು ಯಜಮಾನರು ಕಣ್ಣು ಬಿಡದೆ. "ಉಳಿದರ್ಧ ನಾನು ಬಾಯಲ್ಲಿ ಕರೀತೀನಿ."

ಮದುವೆಯಾದಾಗಿನಿಂದ ಅವರು ನನ್ನನ್ನು ಕರೆದಿರುವುದು "ಲೇ" ಎಂದು, ಇಲ್ಲವೇ "ಇಲ್ಲಿ ಕೇಳಿಲ್ಲಿ" ಎಂದು. ಹೆಸರು ಅವರಿಗೆ ಗೊತ್ತಿದೆಯೇ ಎಂಬ ಸಂಶಯ ನನಗೆ ಆಗಾಗ ಬರುತ್ತಿತ್ತು.

ನಾನು ಯೋಚಿಸಿದೆ. ನನ್ನ ವಾಕ್ಯ ಹೋದರೂ ನನಗೆ ಗುಡ್ಡವಿದೆ, ಕುದುರೆಯಿದೆ, ನದಿಯಿದೆ, ಪಾತ್ರೆಯೂ ಇದೆ. ಈ ಮನುಷ್ಯನಿಗೆ ಇರುವುದು ಒಂದು ಎಣ್ಣೆಗಾಯಿ. ಅದನ್ನೂ ತೆಗೆದರೆ ಊಟವಾದ ಮೇಲೆ ಏನನ್ನು ಓದಿ, ಏನಕ್ಕೆ ತಲೆಯಾಡಿಸಿ, ಎಂಥಾ ಸಾಹಿತ್ಯ ಎಂದು ಮಲಗಬೇಕು? ಸಹಿಗಾಗಿ ಒಬ್ಬರ ವಾಕ್ಯ ತೆಗೆಯಬಹುದು. ಒಬ್ಬರ ಸಾಹಿತ್ಯವನ್ನೇ ತೆಗೆಯಲಾದೀತೇ?

ಅವರ ಬೆರಳನ್ನು ಎತ್ತಿ, ಪುಟ ತಿರುಗಿಸಿ, ನನ್ನ ವಾಕ್ಯದ ಮೇಲೆ ತಂದಿಟ್ಟೆ. ಅದರ ಪಕ್ಕದಲ್ಲಿ ನನ್ನದನ್ನಿಟ್ಟೆ. ಉಳಿದ ಮೂವರೂ ಮತ್ತೆ ಬೆರಳಿಟ್ಟರು.

"ಹೀರಿ," ಎಂದೆ.

ನಿಬ್ಬು ಮುಟ್ಟಿತು. ವಾಕ್ಯ ಮೊದಲ ಅಕ್ಷರದಿಂದ ಶುರುವಾಗಿ ಒಂದೊಂದಾಗಿ ಮೇಲೇರಿತು. ಪೂರ್ಣವಿರಾಮ ಮಾತ್ರ ಸ್ವಲ್ಪ ಹಟ ಮಾಡಿತು. ಲೇಖಕರು ನಿಬ್ಬಿನ ತುದಿಯಿಂದ ತಟ್ಟಿದ ಮೇಲೆ ಅದೂ ಏರಿತು. ಪುಟದಲ್ಲಿ ಒಂದು ಬಿಳಿ ಜಾಗ ಉಳಿಯಿತು. ನನ್ನ ಬಾಯಲ್ಲಿ ಹಲ್ಲು ಕಿತ್ತ ಜಾಗದಂತೆ ಒಂದು ಖಾಲಿ. ನಾಲಿಗೆ ಅಲ್ಲಿಗೇ ಹೋಗಿಹೋಗಿ ಬರುತ್ತಿತ್ತು.

ಈ ಬರವಣಿಗೆಯಲ್ಲಿ ಗೆರೆಗಳು ಏಕೆಂದು ಈಗ ತಿಳಿದಿರಬೇಕು.

ಲೇಖಕರು ಮೊದಲ ಪುಟ ತೆರೆದು ಬರೆಯತೊಡಗಿದರು. ನನ್ನ ಹೆಸರು ಬರೆದರು. ಬಿ.ಎ. ಬರೆದರು. ಪ್ರಥಮ ದರ್ಜೆ ಎಂದರು. ಮಸಿ ಮುಗಿಯಲಿಲ್ಲ. ದಿನಕ್ಕೆರಡು ಹೊತ್ತು ಬಾಯಲ್ಲಿ ಕುದಿದ ವಾಕ್ಯ, ಡಿಕಾಕ್ಷನ್ನಿನಂತೆ ಗಟ್ಟಿಯಾಗಿತ್ತು. ಯಜಮಾನರ ಹೆಸರು, ಮಗನದು, ಸೊಸೆಯದು, ಮೊಮ್ಮಗಳದು, ಮೊಮ್ಮಗಳ ಗೊಂಬೆಯದು ಎಲ್ಲ ಆಯಿತು. ಸಹಿ ಆಯಿತು. ಆದರೂ ನಿಬ್ಬಿನಿಂದ ತೊಟ್ಟಿಕ್ಕುತ್ತಿತ್ತು. ಒಂದು ಮನೆಯ ಮಸಿಯನ್ನು ಇನ್ನೊಂದು ಮನೆಗೆ ಬಳಸುವಂತಿಲ್ಲ, ಕೊಡವಿ ಚೆಲ್ಲುವಂತೆಯೂ ಇಲ್ಲ. ಬರೆದೇ ಮುಗಿಸಬೇಕು. ಲೇಖಕರು ಸ್ವಲ್ಪ ಯೋಚಿಸಿ ಸಹಿಯ ಕೆಳಗೆ ಇನ್ನೊಂದು ಸಾಲು ಬರೆದರು:

"ನಾಳೆ ಮಧ್ಯಾಹ್ನ ನಿಮ್ಮಲ್ಲಿ ಊಟಕ್ಕೆ ಬರುತ್ತೇನೆ. ಎಣ್ಣೆಗಾಯಿ ಇರಲಿ."

ಮಸಿ ಮುಗಿಯಿತು. ಸುತ್ತ ನಿಂತವರು "ಅಬ್ಬಾ" ಎಂದರು. ಪಕ್ಕದ ಮನೆಯಾಕೆ ಚಪ್ಪರದ ಕಂಬದ ಮರೆಯಿಂದ ನೋಡುತ್ತಿದ್ದಳು. ಅವಳ ಪುಸ್ತಕದಲ್ಲಿ ಇರುವುದು ಮೊಟಕು ಸಹಿ, ಅದೂ ಕೊನೆಯಲ್ಲಿ ಮಾಸಿದ್ದು. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿಲ್ಲ. ದಾಖಲೆಗಾಗಿ ಬರೆಯುತ್ತಿದ್ದೇನೆ.

ಮರುದಿನ ಲೇಖಕರು ಬಂದರು. ಕಾಲು ತೊಳೆದರು, ಮಣೆಯ ಮೇಲೆ ಕೂತರು. ಎಲೆ ಹಾಕಿದೆವು. ಉಪ್ಪು, ಕೋಸಂಬರಿ, ಪಲ್ಯ, ಎಣ್ಣೆಗಾಯಿ, ಅನ್ನ, ಅನ್ನದ ಮೇಲೆ ತೊವ್ವೆ, ತೊವ್ವೆಯ ಮೇಲೆ ತುಪ್ಪ ಎಲ್ಲ ಬಡಿಸಿ ಆಯಿತು. ಎಲ್ಲರೂ ಕೈಯನ್ನು ಎಲೆಯ ಮೇಲೆ ಹಿಡಿದು ನನ್ನ ಕಡೆ ನೋಡಿದರು.

ನಾನು ಬಾಯಿ ತೆರೆದೆ. ಗಾಳಿ ಬಂತು.

ಕೈಗಳು ಅಲ್ಲಿಯೇ ನಿಂತವು. ಅನ್ನಕ್ಕೂ ಕೈಗೂ ನಡುವೆ ಒಂದು ಗೇಣು. ಆ ಗೇಣು ದಾಟುವುದು ಯಾರಿಗೂ ಆಗಲಿಲ್ಲ. ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ವಾಕ್ಯ ಬೇಡವೆಂದವರಿಗೆ ಅದು ಊಟದ ಬಾಗಿಲೆಂಬುದು ಹೊಳೆದಿರಲಿಲ್ಲ.

"ಹೂಂ, ಶುರು ಮಾಡೋಣ," ಎಂದ ಮಗ. ಅವನ ಕೈಯೇ ಇಳಿಯಲಿಲ್ಲ.

"ಕುದುರೆ ಸೀನಿತು!" ಎಂದಳು ಮೊಮ್ಮಗಳು. ಎಲ್ಲರ ಕೈಗಳೂ ಒಂದು ಬೆರಳಿನಷ್ಟು ಇಳಿದು, ಮತ್ತೆ ಮೇಲೆದ್ದವು.

ಸೊಸೆ ಪಾತ್ರೆಯನ್ನು ತುಸು ಜೋರಾಗಿ ನೆಲಕ್ಕಿಟ್ಟಳು. ಏನೂ ಆಗಲಿಲ್ಲ. ಇನ್ನಷ್ಟು ಜೋರಾಗಿ ಇಟ್ಟಳು. ಪಾತ್ರೆ ನಗ್ಗಿತು.

"ಅಂದಿನ ಎಣ್ಣೆಗಾಯಿ ಬಹಳ ಚೆನ್ನಾಗಿತ್ತು," ಎಂದರು ಯಜಮಾನರು, ಎದುರಿಗಿದ್ದ ಇಂದಿನ ಎಣ್ಣೆಗಾಯಿಯನ್ನು ದುಃಖದಿಂದ ನೋಡುತ್ತ.

ಅತಿಥಿಯಾದವರು ಮನೆಯವರಿಗಿಂತ ಮೊದಲು ಕೈಯಿಡುವಂತಿಲ್ಲ. ಲೇಖಕರ ಹೊಟ್ಟೆ ಗುರುಗುಟ್ಟಿತು. ತುಪ್ಪ ಹೆಪ್ಪುಗಟ್ಟತೊಡಗಿತು.

ಸೊಸೆ ಒಂದು ಬಟ್ಟಲಿಗೆ ಎಣ್ಣೆಗಾಯಿ ಹಾಕಿಕೊಂಡು ಎದ್ದಳು.

"ಎಲ್ಲಿಗೆ?" ಎಂದೆ.

"ಪಕ್ಕದ ಮನೆಗೆ. ಅವರ ಪುಸ್ತಕದಲ್ಲಿ ಆ ಮಾತು ಹಾಗೇ ಇದೆಯಲ್ಲ ಅತ್ತೆ. ಒಂದು ಸಲ ಹೇಳಿಸಿಕೊಂಡು ಬರ್ತೀನಿ."

"ಬೇಡ! ಆ ಮನೆಯಿಂದ ನಾನು ಒಂದು ದಿನ ಹೆಪ್ಪಿಗೆ ಅಂತ ಮಜ್ಜಿಗೆ ಸಹ ಕೇಳಿದವಳಲ್ಲ."

ಸೊಸೆ ತಲೆ ತಗ್ಗಿಸಿದಳು. "ನಾನು ಕೇಳಿದ್ದೀನಿ ಅತ್ತೆ. ನಮ್ಮ ಮನೆ ಮೊಸರು ಊರಲ್ಲೇ ಇಲ್ಲ ಅಂತ ನೀವು ಹೊಗಳ್ತೀರಲ್ಲ, ಅದು ಅವರ ಹೆಪ್ಪಿಂದು."

ಇಂಥ ಹೊತ್ತಿಗೆಂದು ನನ್ನಲ್ಲಿದ್ದ ಒಂದೇ ಒಂದು ಮಾತು ಈಗ ಇರಲಿಲ್ಲ.

ಹಿತ್ತಲ ಗೋಡೆಯ ಆಚೆ ಪಕ್ಕದ ಮನೆಯಾಕೆ ಮೊದಲೇ ಬಂದು ನಿಂತಿದ್ದಳು. ಬಟ್ಟಲು ತೆಗೆದುಕೊಂಡಳು, ಮೂಸಿದಳು, ಗೋಡೆಯ ಮೇಲಿಟ್ಟಳು. "ಕೊಡ್ತೀನಮ್ಮ, ಕೊಡದೆ ಏನು? ಆದರೆ ನಿಮ್ಮತ್ತೆ ಬಂದು ಬಾಯಿಬಿಟ್ಟು ಕೇಳಲಿ."

ಒಳಗಿನಿಂದ ಲೇಖಕರ ಹೊಟ್ಟೆ ಇನ್ನೊಮ್ಮೆ ಗುರುಗುಟ್ಟಿತು. ನಾನು ಸೌಟು ಹಿಡಿದುಕೊಂಡೇ ಗೋಡೆಗೆ ಹೋದೆ.

"ಬಂದಿರಾ?" ಎಂದಳು ಅವಳು. "ಏನು ಬೇಕಿತ್ತು?"

"ಅದೇ," ಎಂದೆ.

"ಯಾವುದು?"

"ಅನ್ನದ್ದು. ಬಾಯಿಯದ್ದು. ನಾಲ್ಕನೇ ಅಧ್ಯಾಯ, ಎಡಗಡೆ ಪುಟ, ಕೆಳಗಿನಿಂದ ಮೂರನೇ ಸಾಲು."

"ಓಹೋ, ಅದಾ! ಎಷ್ಟು ಬೇಕು?"

"ಒಂದು ಹೊತ್ತಿಗೆ ಸಾಕು."

"ರಾತ್ರಿಗೆ?"

"ರಾತ್ರಿಗೆ ಮತ್ತೆ ಬರ್ತೀನಿ," ಎಂದೆ. ಹಾಗೆಯೇ ಹೋಗುತ್ತಿದ್ದೇನೆ, ಇವತ್ತಿನವರೆಗೂ, ಹೊತ್ತಿಗೊಂದು ಬಟ್ಟಲು ಹಿಡಿದು.

ಅವಳು ಅವಸರ ಮಾಡಲಿಲ್ಲ. ಕುಂಕುಮ ಸರಿಮಾಡಿಕೊಂಡಳು. ತನ್ನ ಬಾಗಿಲಾಚೆ ನಿಂತ ಅದೃಶ್ಯ ನಾಯಕನಿಗೆ ಚೊಂಬು ತುಂಬಿಟ್ಟು ಬಂದಳು. ಗೋಡೆಗೆ ಮೊಣಕೈ ಊರಿ, ನಮ್ಮ ಊಟದ ಕೋಣೆಗೆ ಕೇಳಿಸುವಂತೆ ಗಂಟಲೆತ್ತಿ ಹೇಳತೊಡಗಿದಳು. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆಯುವುದಿಲ್ಲ, ಎಲ್ಲಿ ತಡೆಯಬೇಕೋ ಅಲ್ಲಿ ತಡೆಯುವುದಿಲ್ಲ. ನಾನು ಸೌಟೆತ್ತಿ ತೋರಿಸಿದೆ: ಇಲ್ಲಿ ನಿಧಾನ, ಇಲ್ಲಿ ಏರು, ಇಲ್ಲಿ ನಿಲ್ಲಿಸು. ಸೌಟು ನೋಡಿಕೊಂಡು ಅವಳು ಹೇಳಿದಳು. ಸೌಟು ಇಳಿಯಿತು, ವಾಕ್ಯ ಮುಗಿಯಿತು. ನಾನು ಅದನ್ನು ಕಿವಿಯಿಂದ ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಬರೀ ಹೇಳಿದ್ದೆ. ಸ್ವಲ್ಪ ಉದ್ದವಾಯಿತೇನೋ ಅನ್ನಿಸಿತು.

ಒಳಗೆ ಎಲ್ಲರ ಕೈಗಳೂ ಅನ್ನಕ್ಕೆ ಇಳಿದಿದ್ದವು. ನಾನು ಹೋಗುವಷ್ಟರಲ್ಲಿ ಲೇಖಕರು ಮೂರನೆಯ ತುತ್ತಿನಲ್ಲಿದ್ದರು.

"ಆಹಾ!" ಎಂದರು ಅವರು, ಬಾಯಿ ತುಂಬಿಕೊಂಡೇ. "ಎಂಥಾ ಮಾತು ತಾಯಿ! ಇದನ್ನ ಬರೆದದ್ದು ಯಾರು?"

ಮಗ ನನ್ನನ್ನು ನೋಡಿದ. ಸೊಸೆ ನನ್ನನ್ನು ನೋಡಿದಳು. ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನು ಲೇಖಕರಿಗೆ ಇನ್ನೊಂದು ಸೌಟು ತೊವ್ವೆ ಬಡಿಸಿದೆ. ಬಾಣಲೆಯ ತಳದಲ್ಲಿ ಎಣ್ಣೆಗಾಯಿ ಒಂದೇ ಒಂದು ಉಳಿದಿತ್ತು. ಲೇಖಕರ ಎಲೆಯಲ್ಲಿ ಆ ಜಾಗ ಖಾಲಿಯಾಗಿತ್ತು. ಯಜಮಾನರ ಎಲೆಯಲ್ಲೂ ಖಾಲಿಯಾಗಿತ್ತು. ನಾನು ಬಾಣಲೆ ಹಿಡಿದು ಇಬ್ಬರ ನಡುವೆ ನಿಂತೆ.

ಆಗ ಯಜಮಾನರು ಎಲೆಯಿಂದ ತಲೆಯೆತ್ತದೆ, ಒಂದಕ್ಷರ ಬಿಡದೆ, ನನ್ನ ಹೆಸರು ಹಿಡಿದು ಕರೆದರು. ಬಿ.ಎ.ಯನ್ನೂ ಸೇರಿಸಿ.